ದೋಸೆ ಗಾಡಿಯಲ್ಲಿ ಬೆಂದ ಸ್ಪಾರ್ಕ್ ಪ್ಲಗ್

"ಪೆಟ್ರೋಲ್ ಚೆನ್ನಾಗಿ ಒರೆಸಿದ್ದೀರಾ ಸಾರ್?" ಎಂದು ಕೇಳಿದ ದೋಸೆ ಗಾಡಿಯ ಅಕ್ಕ, ನನ್ನ ಬೈಕಿನ ಸ್ಪಾರ್ಕ್ ಪ್ಲಗ್ಗನ್ನು ಇಕ್ಕಳದಲ್ಲಿ ಹಿಡಿದು ಕಾವಲಿಯ ಕೆಳಗಿನ ಉರಿಗೆ ಒಡ್ಡಿಯೇಬಿಟ್ಟರು.

ಲಗ್ಗೆರೆಯಿಂದ ಪೀಣ್ಯದ ಕಾರ್ಖಾನೆಗೆ ಹೊರಟಿದ್ದೆ. ಏಳೂವರೆಗೆ ಗೇಟು ಮುಚ್ಚಿದರೆ ಅರ್ಧ ದಿನದ ರಜೆ ಕಟ್. ಏಳಕ್ಕೇ ನನ್ನ ಹಳೇ ಟೂ-ಸ್ಟ್ರೋಕ್ ಬೈಕು ಸಿಗ್ನಲ್‌ನಲ್ಲಿ ಪ್ರಾಣ ಬಿಟ್ಟಿತು. ದಿನವಿಡೀ ಮೆಷಿನ್ ರಿಪೇರಿ ಮಾಡುವವನೆಂಬ ಜಂಬ ಬೇರೆ ನನಗೆ. ಚೋಕ್ ಎಳೆದು ಇಪ್ಪತ್ತು ಸಲ ಕಿಕ್ ಹೊಡೆದೆ. ಕಾರ್ಬುರೇಟರ್‌ಗೆ ಹೋಗುವ ಪೈಪ್ ಕಿತ್ತು ಊದಿದೆ, ಬಾಯಿಗೆ ಪೆಟ್ರೋಲ್ ಬಂತೇ ಹೊರತು ಬೈಕು ಜಗ್ಗಲಿಲ್ಲ. ಕೊನೆಗೆ ಪ್ಲಗ್ ಬಿಚ್ಚಿ ನೋಡಿದರೆ ಪೆಟ್ರೋಲಿನಲ್ಲಿ ನೆಂದು ತೊಪ್ಪೆಯಾಗಿತ್ತು. ಆಗ ಸಿಗ್ನಲ್ ಪಕ್ಕದ ಗಾಡಿಯಿಂದ ಕೈಬೀಸಿ ಕರೆದವರೇ ಈ ಅಕ್ಕ.

"ಬಿಸಿ ಇಂಜಿನ್‌ಗೆ ಯಾರಾದ್ರೂ ಚೋಕ್ ಎಳೀತಾರಾ? ಪೆಟ್ರೋಲ್ ಜಾಸ್ತಿ ನುಗ್ತದೆ. ನೆಂದಿರೋ ಪ್ಲಗ್ಗಲ್ಲಿ ಕಿಡಿ ಎಲ್ಲಿಂದ ಬರ್ತದೆ? ನಮ್ಮನೆಯವರ ಬೈಕೂ ಇಂಗೇನೇ ಸಾರ್. ದಿನಾ ಮೊದ್ಲು ಪ್ಲಗ್ಗು, ಆಮೇಲೆ ದೋಸೆ."

ದೋಸೆಗೆ ಕಾಯುತ್ತಿದ್ದವರಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಒಬ್ಬರು ಮಾತ್ರ, "ಅಕ್ಕಾ, ಅವ್ರದ್ದು ಪ್ಲೇನು, ನಂದು ಮಸಾಲೆ" ಎಂದು ನೆನಪಿಸಿದರು.

ಒಣಗಿದ ಪ್ಲಗ್ ಕೂರಿಸಿದೆ. ಒಂದೇ ಕಿಕ್‌ಗೆ ಬೈಕು ಗುಡುಗಿತು. ಗೇಟೂ ಸಿಕ್ಕಿತು.

ಈಗಲೂ ಆ ಸಿಗ್ನಲ್‌ನಲ್ಲಿ ಬೈಕು ಒಮ್ಮೆ ಕೆಮ್ಮಿದರೆ ಸಾಕು, ಅಕ್ಕ ಗಿರಾಕಿಗಳ ತಲೆಯ ಮೇಲಿಂದ ಇಕ್ಕಳ ಎತ್ತಿ ತೋರಿಸುತ್ತಾರೆ. ಚೋಕ್‌ನತ್ತ ಹೊರಟ ನನ್ನ ಕೈ, ಬೈಸಿಕೊಂಡ ಮಗುವಿನಂತೆ ಸುಮ್ಮನೆ ವಾಪಸ್ ಬರುತ್ತದೆ.