ಮದರಸಾಬ ಮತ್ತು ಮೂರು ಗರ್ಡರು

ಗಜೇಂದ್ರಗಡದ ಮದರಸಾಬನಿಗೆ ಹೇರನ್ನು ಕಣ್ಣಿನಿಂದಲೇ ತೂಗುವ ವಿದ್ಯೆ ಗೊತ್ತಿತ್ತೆಂದು ಪೇಟೆಯ ಹಮಾಲರು ಹೇಳುತ್ತಿದ್ದರು. ಅದು ನಿಜವಲ್ಲ. ಅವನು ಟ್ರೇಲರಿನ ಮುಂದೆ ಚಾಚಿದ ಮೂಕಿಗೆ ಹೆಗಲು ಕೊಟ್ಟು ಒಮ್ಮೆ ಮೇಲೆತ್ತಿ ನೋಡುತ್ತಿದ್ದ, ಅಷ್ಟೆ. ಮೂಕಿ ಹೆಗಲ ಮೇಲೆ ತುಸು ಭಾರವಾಗಿ ಕೂತರೆ ಹೇರು ಸರಿಯಾಗಿದೆ. ಹಗುರವಾಗಿ ಎದ್ದರೆ ಭಾರವೆಲ್ಲ ಗಾಲಿಯ ಹಿಂದೆ ಬಿದ್ದಿದೆ. ಅಂಥ ಟ್ರೇಲರ್ ದಾರಿಯುದ್ದಕ್ಕೂ ಬಾಲ ಬೀಸುತ್ತದೆ, ಇಳಿಜಾರಿನಲ್ಲಿ ಮುಂದಿನ ಗಾಡಿಯನ್ನೇ ತಿರುಗಿಸಿ ಒಗೆಯುತ್ತದೆ. ಇದನ್ನು ಅವನು ಯುದ್ಧದ ಕಾಲದಲ್ಲಿ ಬರ್ಮಾ ಗಡಿಯ ಬೆಟ್ಟದ ದಾರಿಗಳಲ್ಲಿ ಮಿಲಿಟರಿ ಗಾಡಿ ಹೊಡೆಯುತ್ತ ಕಲಿತಿದ್ದ. ಎಳೆಯುವುದು ಎಂಜಿನ್ನಿನ ಕೆಲಸ, ನಿಲ್ಲಿಸುವುದು ಮನುಷ್ಯನ ಕೆಲಸ ಎನ್ನುತ್ತಿದ್ದ.

ಅವನು ಆ ಯುದ್ಧದಲ್ಲಿದ್ದಾಗ ಇಲ್ಲಿ ಅವನ ತಾಯಿ ತೀರಿಕೊಂಡಿದ್ದಳು. ಅವಳ ಜನಾಜಾದ ಜತೆ ಕಬರಸ್ತಾನದವರೆಗೂ ನಡೆದು ಮಣ್ಣು ಹಾಕಿ ಬಂದವನು ಅಂದಾನೆಪ್ಪ. ಕಾಳಿನ ಅಂಗಡಿಯವರ ಮಗ, ಮದರಸಾಬನ ಸಾಲಿ ಗೆಳೆಯ. ತಾಯಿಗೆ ಮಗನ ಕಾಗದಗಳನ್ನು ಓದಿ ಹೇಳುತ್ತಿದ್ದವನೂ ಅವನೇ. ತಿರುಗಿ ಬಂದ ಮದರಸಾಬನಿಗೆ ಇದೆಲ್ಲ ತಿಳಿಯಿತು. ಅಂದಿನಿಂದ ಅಂದಾನೆಪ್ಪನ ಮಾತಿಗೆ ಅವನಲ್ಲಿ ಎರಡನೆಯ ಮಾತಿರಲಿಲ್ಲ.

ಐವತ್ತೊಂದರಲ್ಲಿ ಇಬ್ಬರೂ ಪುಣೆಗೆ ಹೋಗಿ, ಮಿಲಿಟರಿಯವರು ಹರಾಜಿಗಿಟ್ಟಿದ್ದ ಒಂದು ಪಿಕಪ್ ಗಾಡಿಯನ್ನೂ ಎರಡು ಗಾಲಿಯ ಟ್ರೇಲರನ್ನೂ ಅಂದಾನೆಪ್ಪನ ಹಣದಲ್ಲಿ ಕೊಂಡು ತಂದರು. ಮದರಸಾಬ ಗಾಡಿ ಹೊಡೆಯುವುದು, ಅಂದಾನೆಪ್ಪ ಹೇರು ಹುಡುಕುವುದು ಮತ್ತು ಕಾಗದಪತ್ರ ನೋಡುವುದು ಎಂದು ಮಾತಾಯಿತು. ಗಜೇಂದ್ರಗಡದ ಕಲ್ಲು, ಬಾವಿಗೆ ಬೇಕಾದ ಪೈಪು, ಹತ್ತಿ ಗಿರಣಿಯ ಯಂತ್ರದ ಭಾಗ, ಎತ್ತಿನ ಗಾಡಿ ತಾಳದ ಹೇರೆಲ್ಲ ಇವರ ಪಾಲಿಗೆ ಬಂತು. ಮಳೆ ಬಿದ್ದು ಎರೆಮಣ್ಣು ಗಾಲಿಗೆ ಮೆತ್ತಿಕೊಳ್ಳುವ ದಿನಗಳಲ್ಲಿ ಮದರಸಾಬ ಗಾಡಿ ತೆಗೆಯುತ್ತಿರಲಿಲ್ಲ. ಅಂದಾನೆಪ್ಪ ಗೊಣಗುತ್ತಿದ್ದ, ಆದರೂ ಕೇಳುತ್ತಿದ್ದ. ಮೂರು ವರ್ಷ ಒಂದು ಕೋಳಿಮರಿಯೂ ಗಾಲಿಗೆ ಸಿಗಲಿಲ್ಲ.

ಐವತ್ನಾಲ್ಕರ ಮಾಘ ಮಾಸದಲ್ಲಿ ನರಗುಂದದ ಒಂದು ಗಿರಣಿಗೆ ಎಣ್ಣೆ ಎಂಜಿನ್ ಬಂತು. ಹೊಳೆಆಲೂರು ಸ್ಟೇಶನ್ನಿನಲ್ಲಿ ಅದನ್ನು ಇಳಿಸಿಕೊಂಡು, ರೋಣ, ಬೆಳವಣಕಿಯ ಮೇಲೆ ನರಗುಂದಕ್ಕೆ ಮುಟ್ಟಿಸಬೇಕಿತ್ತು. ಅವರಿಬ್ಬರ ಜತೆಗೆ ಹೋದವನು ಪುರ್ತಗೇರಿಯ ಹೇಮಪ್ಪ, ಹಮಾಲರಲ್ಲಿ ಗಟ್ಟಿ ಆಳು. ಇಳಿಜಾರು ಬಂದಾಗ ಟ್ರೇಲರಿನಿಂದ ಜಿಗಿದು ಗಾಲಿಗೆ ಕಟ್ಟಿಗೆಯ ಅಡ್ಡ ಕೊಡುವುದು ಅವನ ಕೆಲಸವಾಗಿತ್ತು.

ಅಂದು ಶುಕ್ರವಾರ. ಎಂಜಿನ್ ಟ್ರೇಲರಿಗೆ ಏರುವ ಹೊತ್ತಿಗೆ ನಮಾಜಿನ ಸಮಯವಾಯಿತು. ನಾನು ನಿಂತು ಕಟ್ಟಿಸುತ್ತೇನೆ, ನೀನು ಮಸೀದಿಗೆ ಹೋಗಿ ಬಾ ಎಂದು ಅಂದಾನೆಪ್ಪನೇ ಕಳಿಸಿಕೊಟ್ಟ. ಮದರಸಾಬ ತಿರುಗಿ ಬಂದಾಗ ಹೇರಿಗೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿದಿತ್ತು. ಮೂಕಿಯನ್ನು ಗಾಡಿಯ ಕೊಂಡಿಗೆ ಆಗಲೇ ಸಿಕ್ಕಿಸಿಯೂ ಆಗಿತ್ತು.

ಕೊಂಡಿ ಬಿಚ್ಚಿ ಒಮ್ಮೆ ನೋಡೋಣ ಎಂದು ಮದರಸಾಬ ಬಗ್ಗಿದ. ಅಂದಾನೆಪ್ಪ ಅವನ ಹೆಗಲ ಮೇಲೆ ಕೈಯಿಟ್ಟ.

"ನನ್ ಮ್ಯಾಲ ನಂಬಿಗಿ ಇಲ್ಲೇನು ಮದರಸಾ? ನಾನ ಮುಂದ ನಿಂತು ಹೇರಿಸೀನಿ. ಎಂಜಿನ್ ಬಿಟ್ರ ಅದರಾಗ ಬ್ಯಾರೆ ಏನೂ ಇಲ್ಲ."

ಮದರಸಾಬನಿಗೆ ನಾಚಿಕೆಯಾಯಿತು. ತನ್ನ ತಾಯಿಗೆ ಮಣ್ಣು ಹಾಕಿದ ಕೈ ಅದು. ಬಗ್ಗಿದವನು ಎದ್ದು ಹೋಗಿ ಸ್ಟಿಯರಿಂಗ್ ಹಿಡಿದ. ಅಂದಾನೆಪ್ಪ ಪಕ್ಕದಲ್ಲಿ ಹತ್ತಿ ಕೂತ. ಹೇಮಪ್ಪ ತಾಡಪತ್ರಿಯ ಮೇಲೆ ಕೂತಿದ್ದ. ಅವನು ಆ ಹೊತ್ತಿನಲ್ಲಿ ಎತ್ತಲೋ ನೋಡುತ್ತಿದ್ದನೆಂಬುದು ಮದರಸಾಬನಿಗೆ ಎಷ್ಟೋ ದಿನಗಳ ನಂತರ ನೆನಪಾಯಿತು.

ರೋಣದವರೆಗೆ ಗಾಡಿ ಭಾರವೆನ್ನಿಸಿತೇ ಹೊರತು ತೊಂದರೆ ಕೊಡಲಿಲ್ಲ. ಬೆಳವಣಕಿ ದಾಟಿ ಒಂದು ಹಳ್ಳಕ್ಕೆ ಇಳಿಯುವಲ್ಲಿ ಟ್ರೇಲರ್ ಮೊದಲ ಸಲ ಎಡಕ್ಕೆ ಬೀಸಿತು. ಇದು ಎಂಜಿನ್ನಿನ ಭಾರವಲ್ಲ ಎಂದು ಮದರಸಾಬನ ಮೈಗೆ ತಿಳಿಯಿತು. ಬ್ರೇಕು ಒತ್ತಿದರೆ ಹಿಂದಿನದು ಮೇಲೇರಿ ಬರುತ್ತದೆ, ಒತ್ತದಿದ್ದರೆ ಓಟ ಹೆಚ್ಚುತ್ತದೆ. ಮೆಲ್ಲಗೆ ಗೇರು ಇಳಿಸಿದ. ಹೇಮಪ್ಪನಿಗೆ ಜಿಗಿ ಎಂದು ಕೂಗಿದ. ಟ್ರೇಲರ್ ಬಲಕ್ಕೆ ಬೀಸಿ, ಮತ್ತೆ ಎಡಕ್ಕೆ ಬೀಸಿ, ಕೊಂಡಿಯನ್ನು ಕಿತ್ತುಕೊಂಡು ಹಳ್ಳಕ್ಕೆ ಉರುಳಿತು.

ಪಿಕಪ್ ಅಡ್ಡ ತಿರುಗಿ ನಿಂತಿತು. ಮದರಸಾಬ ಓಡಿಹೋಗಿ ನೋಡಿದಾಗ ಹೇಮಪ್ಪನ ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಗಿತ್ತು. ಅದರ ಮೇಲೆ ಬಿದ್ದಿದ್ದದ್ದು ಎಂಜಿನ್ ಅಲ್ಲ. ಹರಿದ ತಾಡಪತ್ರಿಯಿಂದ ಮೂರು ಕಬ್ಬಿಣದ ಗರ್ಡರು ಹೊರಗೆ ಚಾಚಿದ್ದವು. ಅಂದಾನೆಪ್ಪ ನರಗುಂದದಲ್ಲಿ ಅರಳೆ ತುಂಬಲು ಹೊಸ ಗೋದಾಮು ಕಟ್ಟಿಸುತ್ತಿದ್ದ. ಅದರ ಮಾಳಿಗೆಗೆ ತೊಲೆಯಾಗಿ ಹಾಕಲು ತರಿಸಿದ್ದ ಗರ್ಡರುಗಳು ಅವು.

ಕೇಳಲು ಅದು ಹೊತ್ತಲ್ಲ. ಇಬ್ಬರೂ ಸೇರಿ ಗರ್ಡರು ಸರಿಸಿ ಹೇಮಪ್ಪನನ್ನು ಎತ್ತಿ ಪಿಕಪ್ಪಿನಲ್ಲಿ ಮಲಗಿಸಿದರು. ಮದರಸಾಬ ತನ್ನ ರುಮಾಲು ಬಿಚ್ಚಿ ಅವನ ತೊಡೆಗೆ ಬಿಗಿದು ಕಟ್ಟಿದ.

"ನೀ ಲಗೂ ಇವನ್ನ ರೋಣದ ದವಾಖಾನಿಗೆ ಒಯ್ಯಿ," ಎಂದ ಅಂದಾನೆಪ್ಪ. "ಇಲ್ಲಿದೆಲ್ಲಾ ನಾ ನೋಡ್ಕೊಂತೀನಿ."

ಸದ್ಯ ಅಂದಾನೆಪ್ಪನಾದರೂ ಜತೆಗಿದ್ದಾನಲ್ಲ ಎಂದುಕೊಳ್ಳುತ್ತ ಮದರಸಾಬ ಗಾಡಿ ಓಡಿಸಿದ. ಡಾಕ್ಟರರು ಕಾಲು ತೆಗೆದರು, ಜೀವ ಉಳಿಯಿತು. ಇನ್ನರ್ಧ ತಾಸು ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ ಎಂದರು.

ಫೌಜದಾರರು ಬಂದು ಕೇಳಿದಾಗ ಮದರಸಾಬ ಇದ್ದದ್ದನ್ನು ಇದ್ದಂತೆ ಹೇಳಿದ. ತನಗೆ ತಿಳಿಯದ ಹಾಗೆ ಮೂರು ಗರ್ಡರು ಹೇರಿದ್ದರು, ಹಳ್ಳದಲ್ಲಿವೆ, ನೋಡಿರಿ ಎಂದ. ಮರುದಿನ ಬೆಳಿಗ್ಗೆ ಪಂಚನಾಮೆಗೆ ಹೋದಾಗ ಹಳ್ಳದಲ್ಲಿ ಎಂಜಿನ್ ಇತ್ತು, ಟ್ರೇಲರ್ ಇತ್ತು. ಗರ್ಡರು ಇರಲಿಲ್ಲ. ಮದರಸಾಬ ದವಾಖಾನೆಯ ಕಡೆ ಓಡುತ್ತಿದ್ದಾಗಲೇ ಅಂದಾನೆಪ್ಪ ಬೆಳವಣಕಿಯಿಂದ ಎತ್ತಿನ ಗಾಡಿ ತರಿಸಿ ಅವನ್ನು ಸಾಗಿಸಿಬಿಟ್ಟಿದ್ದ.

ಆಗಲೂ ಮದರಸಾಬನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಕಳುವಾದೀತೆಂದು ಎತ್ತಿಟ್ಟಿರಬೇಕು, ಕೋರ್ಟಿನಲ್ಲಿ ಹೇಳುತ್ತಾನೆ ಎಂದು ಹೆಂಡತಿ ಹಸನಬಿಗೆ ಸಮಾಧಾನ ಹೇಳಿದ. ಹಸನಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು.

ರೋಣದ ಕೋರ್ಟಿನಲ್ಲಿ ಅಂದಾನೆಪ್ಪ ಮಡಿಸಿದ ಶಲ್ಯ ಹೆಗಲಿಗೆ ಹಾಕಿಕೊಂಡು ನಿಂತ. ಹೇರಿದ್ದು ಎಂಜಿನ್ ಒಂದೇ ಎಂದ. ಮದರಸಾಬ ಮಿಲಿಟರಿಯವನು, ಮೊದಲಿಂದಲೂ ಜೋರು ಹೊಡೆಯುವ ಚಟ, ಇಳಿಜಾರಿನಲ್ಲಿ ಬೇಡವೆಂದರೂ ಕೇಳಲಿಲ್ಲ ಎಂದ. ಗೋಡೆಯ ಕಡೆ ನೋಡಿಕೊಂಡೇ ಎಲ್ಲ ಹೇಳಿದ. ಮದರಸಾಬ ಆಮೇಲೆ ಹೇಮಪ್ಪನ ಸರದಿಗಾಗಿ ಕಾದ. ಆ ಗರ್ಡರು ಹೊತ್ತು ಹೇರಿದವನೇ ಹೇಮಪ್ಪ.

ಬಡಿಗೆ ಊರಿಕೊಂಡು ಬಂದ ಹೇಮಪ್ಪ ತಲೆ ತಗ್ಗಿಸಿ, "ಎಂಜಿನ್ ಅಷ್ಟ ಹೇರಿದ್ವಿರಿ," ಎಂದ.

ಮೂರು ತಿಂಗಳು ಜೈಲು, ಎರಡು ವರ್ಷ ಲೈಸೆನ್ಸು ರದ್ದು. ಹೊರಗೆ ಬರುವಾಗ ಹೇಮಪ್ಪನ ಹೆಂಡತಿ ಕಲ್ಲವ್ವ ಮದರಸಾಬನ ಎದುರು ನಿಂತು, ನನ್ನ ಗಂಡನ ಕಾಲು ತಿಂದೆ ಎಂದು ನೆಲಕ್ಕೆ ಉಗುಳಿದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಧಾರವಾಡದ ಜೈಲಿನಲ್ಲಿ ಅವನನ್ನು ಕಾಡಿದ್ದು ಸುಳ್ಳು ಸಾಕ್ಷಿಯಲ್ಲ. ಮಸೀದಿಗೆ ಹೋಗಿ ಬಾ ಎಂದಿದ್ದ ಆ ಮಾತು. ಅದನ್ನು ಪ್ರೀತಿಯಿಂದ ಅಂದಿದ್ದನೋ, ತನ್ನನ್ನು ಅಲ್ಲಿಂದ ಸರಿಸಲು ಅಂದಿದ್ದನೋ? ಎರಡನೆಯದೇ ಆಗಿದ್ದರೆ ಅದಕ್ಕೂ ಹಿಂದಿನ ಎಷ್ಟು ಮಾತುಗಳು ಅಂಥವೇ ಇದ್ದವು? ತಾಯಿಗೆ ಕಾಗದ ಓದಿ ಹೇಳಿದ್ದರವರೆಗೂ ಒಂದೊಂದನ್ನೇ ಎತ್ತಿ ನೋಡುತ್ತಿದ್ದ.

ಬಿಡುಗಡೆಯಾದ ಮೇಲೆ ಒಂದು ಸಲ ಅಂದಾನೆಪ್ಪನ ಅಂಗಡಿಗೆ ಹೋದ. ಗಾಡಿಗೆ ಆಗಲೇ ಬೇರೆ ಡ್ರೈವರ್ ಬಂದಿದ್ದ. ಅಂದಾನೆಪ್ಪ ಗಿರಾಕಿಗಳನ್ನು ಕಳಿಸಿ, ಕೂಡು ಎಂದ. ಮದರಸಾಬ ಕೂಡಲಿಲ್ಲ.

"ನಂಗ ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ನೀ ಬ್ಯಾಡ ಅಂತಿದ್ದಿ."

"ಆಮ್ಯಾಲ? ಕೋರ್ಟಿನ್ಯಾಗ?"

ಅಂದಾನೆಪ್ಪ ತಕ್ಕಡಿಯ ತಟ್ಟೆಯನ್ನು ಸುಮ್ಮನೆ ಸರಿಸಿದ. "ದಂಡ ಹಾಕಿ ಬಿಡ್ತಾರ ಅನ್ಕೊಂಡಿದ್ದೆ. ಪ್ಯಾಟ್ಯಾಗ ನಂದೊಂದು ಹೆಸರೈತಿ ಮದರಸಾ. ನಿನ್ನ ಹೆಸರಿಗೆ ಏನಾಕ್ಕೈತಿ ಅನ್ಕೊಂಡೆ."

ಮದರಸಾಬ ಮೆಟ್ಟಿಲಿಳಿದು ಬಂದ. ಆಮೇಲೆ ಅವರಿಬ್ಬರ ನಡುವೆ ಮಾತಿಲ್ಲ.

ಎರಡು ವರ್ಷ ಅವನು ಎತ್ತಿನ ಗಾಡಿಗಳ ಗಾಲಿಗೆ ಕಬ್ಬಿಣದ ಹಳಿ ಏರಿಸುವ ಕುಲುಮೆಯಲ್ಲಿ ದುಡಿದ. ಐವತ್ತೇಳರಲ್ಲಿ ಲೈಸೆನ್ಸು ತಿರುಗಿ ಸಿಕ್ಕಿತು. ಆದರೆ ಹೇರು ಉರುಳಿಸಿದವನು ಎಂಬ ಹೆಸರು ಸುತ್ತಲೂ ಹಬ್ಬಿದ್ದರಿಂದ ಯಾರೂ ಗಾಡಿ ಕೊಡಲಿಲ್ಲ. ಅದೇ ವರ್ಷ ಸುಗ್ಗಿಯ ಕೊನೆಗೆ ಕಲ್ಲವ್ವ ಪುರ್ತಗೇರಿಯಿಂದ ನಡೆದುಕೊಂಡು ಬಂದು ಅವನ ಬಾಗಿಲಲ್ಲಿ ನಿಂತಳು. ಒಳಗೆ ಬರಲು ಹಸನಬಿ ಎರಡು ಸಲ ಕರೆಯಬೇಕಾಯಿತು.

"ಯಣ್ಣಾ, ನನ್ ಗಂಡ ನಿನ್ನೆ ಎಲ್ಲಾ ಹೇಳ್ಯಾನ," ಎಂದಳು. "ಅಂದಾನೆಪ್ಪನವ್ರು ಅಂಗಡ್ಯಾಗ ಕುಂತು ಉಣ್ಣೂ ಕೆಲಸಾ ಕೊಡ್ತೀನಿ ಅಂದಿದ್ರಂತ. ಆರು ತಿಂಗಳಿಗೆ ಬಿಡಿಸಿದ್ರು. ನಾ ನಿಂಗ ಉಗುಳಿದ್ದೆ."

ಮದರಸಾಬ ಅವಳ ಜತೆಗೇ ಪುರ್ತಗೇರಿಗೆ ಹೋದ. ಹೇಮಪ್ಪ ಅವನನ್ನು ನೋಡಿ ಮುಖ ಮುಚ್ಚಿಕೊಂಡ. ರೋಣಕ್ಕೆ ಹೋಗಿ ಸಾಹೇಬರ ಮುಂದೆ ಖರೇ ಹೇಳುತ್ತೇನೆ ಎಂದ. ಜೈಲಂತೂ ತೀರಿದೆ, ಈಗ ಹೇಳಿದರೆ ನಿನ್ನನ್ನೇ ಒಳಗೆ ಹಾಕುತ್ತಾರೆ ಎಂದು ಮದರಸಾಬ ತಡೆದ. ಬದಲಿಗೆ ಒಂದು ಮಾತು ಕೇಳಿಕೊಂಡ. ಹಮಾಲರ ಮುಂದೆ ಹೇಳು, ಅಷ್ಟು ಸಾಕು.

ಹೇಮಪ್ಪ ಹೇಳಿದ. ಸಂತೆಯ ದಿನ ಪೇಟೆಯ ಬೇವಿನ ಗಿಡದ ಕೆಳಗೆ, ಹೇರು ಇಳಿಸುವವರೆಲ್ಲ ಸೇರಿದ್ದಾಗ ಬಡಿಗೆ ಊರಿ ನಿಂತು ಗರ್ಡರಿನ ಕತೆ ಹೇಳಿದ, ತನ್ನ ಸುಳ್ಳನ್ನೂ ಹೇಳಿದ. ಹಮಾಲರು ಗಲಾಟೆ ಮಾಡಲಿಲ್ಲ. ಆದರೆ ಅಂದಾನೆಪ್ಪನ ಟ್ರೇಲರಿಗೆ ಹೆಗಲು ಕೊಡುವವರು ಅವತ್ತಿನಿಂದ ಸಿಗಲಿಲ್ಲ. ವರ್ಷ ತುಂಬುವುದರೊಳಗೆ ಅವನು ಗಾಡಿ ಮಾರಿದ. ಎಂಜಿನ್ ತರಿಸಿದ್ದ ನರಗುಂದದ ಗಿರಣಿಯವರೇ ಮದರಸಾಬನನ್ನು ಕರೆಸಿ ತಮ್ಮ ಲಾರಿಯ ಕೀಲಿಕೈ ಕೊಟ್ಟರು.

ಜನ ಅವನಿಗೆ ಒಳ್ಳೆಯದಾಯಿತು ಅಂದರು. ಆಯಿತು, ನಿಜ. ಐವತ್ತೊಂಬತ್ತರಲ್ಲಿ ಮಗಳು ಲಾಲಬಿಯ ಲಗ್ನ ಗೊತ್ತಾದಾಗ ಯಾರು ಯಾರಿಗೆ ಹೇಳಬೇಕು ಎಂದು ಹಸನಬಿ ಕೇಳಿದಳು. ಮದರಸಾಬ ಬೀಡಿ ಹಚ್ಚಿಕೊಳ್ಳುತ್ತ, ಯೋಚಿಸದೆ, "ಮೊದಲ ಅಂದಾನೆಪ್ಪಗ," ಎಂದ. ಆಮೇಲೆ ಕಡ್ಡಿ ಬೆರಳಿಗೆ ಬರುವತನಕ ಉರಿಯಲು ಬಿಟ್ಟು ಕೂತ. ಹಸನಬಿ ಬೇರೆಯವರ ಹೆಸರು ಹೇಳತೊಡಗಿದಳು.