ತೊಗರಿಬೇಳೆ ತೂಕದ ಕೋವಿ

ಹೈವೇಯಲ್ಲಿ ಪೊಲೀಸರು ಕಾರು ನಿಲ್ಲಿಸಿ ಡಿಕ್ಕಿ ತೆಗೆಸಬಹುದಿತ್ತು. ಒಳಗಿದ್ದ ಕೋವಿಗೂ ಪಕ್ಕದಲ್ಲಿದ್ದ ತೆಂಗಿನಕಾಯಿಗೂ ಏನು ಸಂಬಂಧ ಎಂದು ಕೇಳಿದರೆ ನನ್ನ ಇಂಗ್ಲಿಷು ಕೈಕೊಡಬಹುದಿತ್ತು. ಕೋವಿಯ ಹೊಸ ನಳಿಗೆ ಸಿಡಿಯಬಹುದಿತ್ತು. ಗುಂಡು ಕಲ್ಲಿಗೆ ತಾಗಿ ದಾರಿ ತಪ್ಪಿ ರೈತನ ಹಸುವಿಗೆ ಬೀಳಬಹುದಿತ್ತು. ಹಸು ಎಂದಮೇಲೆ ಆ ಪಾಪ ಒಂದು ಜನ್ಮಕ್ಕೆ ಕಳೆಯುವಂಥದ್ದಲ್ಲ. ಮೈಸೂರಿನಲ್ಲಿ ನಮ್ಮಮ್ಮನಿಗೆ ಸುದ್ದಿ ಮುಟ್ಟಿ, ಮಗ ಕೆನಡಾಕ್ಕೆ ಹೋಗಿ ಬೇಟೆಗಾರನಾದ ಎಂದು ಆಕೆ ಊಟ ಬಿಡಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆಪರೇಷನ್ ಆಗಿದ್ದ ಚಂಗಪ್ಪನವರ ಬಲಭುಜ ಕೋವಿಯ ಒದೆತಕ್ಕೆ ಮತ್ತೆ ಕಳಚಿಕೊಳ್ಳಬಹುದಿತ್ತು. ಇಷ್ಟನ್ನೂ ನಾನು ಒಂದೂ ಬಿಡದೆ ಮುಂಚಿತವಾಗಿಯೇ ಚಿಂತಿಸಿ ಮುಗಿಸಿದ್ದೆ. ನಡೆದದ್ದು ಮಾತ್ರ ಇದರಲ್ಲಿ ಯಾವುದೂ ಅಲ್ಲ.

ಚಂಗಪ್ಪನವರು ಉದ್ದನೆಯ ಯಾವ ವಸ್ತುವನ್ನೂ ಎರಡು ಕಣ್ಣಿನಿಂದ ನೋಡುತ್ತಿರಲಿಲ್ಲ. ನಾನು ಕೆನಡಾಕ್ಕೆ ಹೊಸದಾಗಿ ಬಂದು ರೆಕ್ಸ್‌ಡೇಲಿನ ಅಪಾರ್ಟ್‌ಮೆಂಟಿಗೆ ಸೇರಿದ ವಾರ, ಇಂಡಿಯನ್ ಅಂಗಡಿಯ ತರಕಾರಿ ಸಾಲಿನಲ್ಲಿ ಬಿಳಿ ಮೀಸೆಯ ಒಬ್ಬರು ಎಡಗಣ್ಣು ಮುಚ್ಚಿ, ನುಗ್ಗೇಕಾಯಿಯನ್ನು ಮೂಗಿನ ನೇರಕ್ಕೆ ಹಿಡಿದು, ಅದರ ತುದಿಯಿಂದ ನನ್ನನ್ನು ನೋಡುತ್ತಿದ್ದರು. ನಾನು ಹೆದರಿ ಪಕ್ಕಕ್ಕೆ ಸರಿದೆ. "ನೀನಲ್ಲ ಮಾರಾಯ, ಇದು ಸೊಟ್ಟ ಉಂಟಾ ನೋಡ್ತಾ ಇದ್ದೆ" ಎಂದರು. ಸೊಟ್ಟ ನುಗ್ಗೇಕಾಯಿಗೆ ರುಚಿ ಕಡಿಮೆಯೇ ಎಂದು ಕೇಳಿದೆ. "ರುಚಿ ಗಿಚಿ ಗೊತ್ತಿಲ್ಲ. ಸೊಟ್ಟ ಇದ್ದರೆ ನನಗೆ ನಿದ್ದೆ ಬರೂದಿಲ್ಲ." ಆಮೇಲೆ ತಿಳಿಯಿತು, ಅವರು ನಮ್ಮ ಮೇಲಿನ ಮಹಡಿಯವರೇ, ಊರು ವಿರಾಜಪೇಟೆಯ ಕಡೆ, ಕೆಲಸ ಏರ್‌ಪೋರ್ಟಿನ ಕಾರ್ಗೋ ವಿಭಾಗದಲ್ಲಿ. ಅವರ ಮನೆಯಲ್ಲಿ ಪರದೆಯ ಸರಳು, ನೀರಿನ ಕೊಳವೆ, ಪೊರಕೆಯ ಹಿಡಿ ಎಲ್ಲವೂ ಬಾಣದಷ್ಟು ನೆಟ್ಟಗಿದ್ದವು. ಹೆಂಡತಿ ಬೋಜಮ್ಮ ಆಂಟಿಯ ಮಾತೂ ಹಾಗೆಯೇ.

ಹತ್ತು ವರ್ಷ ಕಳೆದು ನಾನು ಮೆಡೋವೇಲಿಗೆ ಮನೆ ಬದಲಾಯಿಸಿದರೂ ಭಾನುವಾರದ ಕಾಫಿ ಅವರ ಮನೆಯಲ್ಲೇ. ಅಷ್ಟರಲ್ಲಿ ಅವರೂ ಅಪಾರ್ಟ್‌ಮೆಂಟು ಬಿಟ್ಟು ಸ್ವಂತ ಮನೆ ಮಾಡಿ, ನಿವೃತ್ತರಾಗಿದ್ದರು, ಭುಜದ ಆಪರೇಷನ್ನೂ ಆಗಿತ್ತು. ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್ ಕೊಡವರ ಆಯುಧಪೂಜೆ. ಪೂಜೆ ಮುಗಿಸಿ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದರೇ ಹಬ್ಬ. ಬ್ರಾಂಪ್ಟನ್ ದಾಟಿ ಬಹಳ ಉತ್ತರಕ್ಕೆ ಡೇವ್ ಎಂಬ ರೈತನ ಹೊಲದಲ್ಲಿ ನಾಲ್ಕೈದು ಕೊಡವ ಸಂಸಾರಗಳು ಸೇರುತ್ತಿದ್ದವು. ಆಪರೇಷನ್ನಿನ ನಂತರದ ಎರಡು ಹಬ್ಬಗಳಲ್ಲಿ ಚಂಗಪ್ಪನವರು ಕೈಕಟ್ಟಿ ನಿಂತು ಬೇರೆಯವರು ಹೊಡೆಯುವುದನ್ನು ನೋಡಿದ್ದರು. "ಮದುವೆ ಮನೆಯಲ್ಲಿ ಊಟ ಬಡಿಸಿ ಉಪವಾಸ ಬಂದ ಹಾಗೆ ಆಯ್ತು" ಎನ್ನುತ್ತಿದ್ದರು.

ಮೂರನೆಯ ವರ್ಷ ಬೋಜಮ್ಮ ಆಂಟಿ ಕಾಫಿ ಲೋಟ ಕುಕ್ಕಿ ನನ್ನೆದುರಿಗೇ ತೀರ್ಪು ಕೊಟ್ಟರು. "ಮೂರ್ತಿ, ನೀನೇ ಸಾಕ್ಷಿ. ಈ ಸಲ ಒಂದು ಗುಂಡು ಹೊಡೀಲಿ. ನೋವು ಅಂತ ಇವರ ಮುಖ ಇಷ್ಟು ಕಿವುಚಿದ್ದು ಕಂಡ್ರೂ ಸಾಕು, ಮನೇಲಿರೋ ಕೋವಿ ಎಲ್ಲ ಮಾರಾಟ. ಮತ್ತೆ ಆ ಮಾತು ಎತ್ತೂದಿಲ್ಲ."

"ಆಯ್ತು" ಎಂದರು ಚಂಗಪ್ಪನವರು, ವರ ಸಿಕ್ಕವರಂತೆ.

ಜಿಂಕೆಗೆ ಬಳಸುತ್ತಿದ್ದ ದೊಡ್ಡ ಕೋವಿಯ ಒದೆತ ಆ ಭುಜಕ್ಕೆ ಆಗುತ್ತಿರಲಿಲ್ಲ. ಆದರೆ ಡೇವ್ ಹಿಂದೊಮ್ಮೆ ಅವರಿಗೆ ಕೊಟ್ಟಿದ್ದ, ಸಣ್ಣ ಗುಂಡಿನ ಹಳೆಯ ಕೋವಿಯೊಂದಿತ್ತು. ಗ್ರೌಂಡ್‌ಹಾಗ್ ಹೊಡೆಯಲೆಂದು ಮಾಡಿದ್ದು. ಗ್ರೌಂಡ್‌ಹಾಗ್ ಎಂದರೆ ನಮ್ಮ ಹೆಗ್ಗಣದ ದೊಡ್ಡಪ್ಪ. ಅದು ತೋಡಿದ ಬಿಲಕ್ಕೆ ಕಾಲಿಟ್ಟು ಡೇವ್‌ನ ಕುದುರೆ ಕಾಲು ಮುರಿದುಕೊಂಡಿತ್ತು. ಕೋವಿಯ ನಳಿಗೆ ಸವೆದಿತ್ತು, ಭುಜಕ್ಕೆ ಆನಿಸುವ ಮರ ಸೀಳಿತ್ತು, ಟ್ರಿಗರು ಮುನಿಸಿಕೊಂಡಿತ್ತು. ಗುಂಡು ಕೂರುವ ನಡುವಿನ ಉಕ್ಕಿನ ಭಾಗವೊಂದೇ ಗಟ್ಟಿ. "ಇದಕ್ಕೆ ಹೊಸ ಸಂಸಾರ ಕಟ್ಟುವ" ಎಂದರು.

ಕಟ್ಟುವವನು ಲೈಸೆನ್ಸಿದ್ದ ಗನ್‌ಸ್ಮಿತ್, ಆರಿಸುವವರು ಇವರು. ಆರಿಸುವುದೆಂದರೆ ನಮ್ಮ ಅತ್ತೆ ಸೊಸೆ ಹುಡುಕಿದ ಹಾಗೆ. ಒಂದು ನಳಿಗೆ ಬಣ್ಣ ಚೆಂದ, ಆದರೆ ಬಹಳ ಸಣಕಲು. ಇನ್ನೊಂದು ಒಳ್ಳೆಯ ಮನೆತನದ್ದು, ಆದರೆ ಉದ್ದ ಹೆಚ್ಚು. ಮತ್ತೊಂದರ ಫೋಟೋ ನೋಡಿ, "ಇದಕ್ಕೆ ಅಹಂಕಾರ ಉಂಟು" ಎಂದು ಕ್ಯಾಟಲಾಗು ಮುಚ್ಚಿಟ್ಟರು. ನಿಜವಾದ ತೊಡಕು ತೂಕದ್ದು. ನಳಿಗೆ ದಪ್ಪವಾದಷ್ಟೂ ಕೋವಿ ಭಾರ. ಭಾರವಾದಷ್ಟೂ ಒದೆತ ಕಡಿಮೆ. ಆದರೆ ಭಾರದ ಕೋವಿಯನ್ನು ನಿಂತು ಎತ್ತಿ ಹಿಡಿಯಬೇಕಾದದ್ದೂ ಅದೇ ಭುಜ.

"ಹಗುರ ಆದರೆ ಒದೆಯುತ್ತೆ, ಭಾರ ಆದರೆ ಎತ್ತೋಕಾಗಲ್ಲ. ಸರ್, ಬಿಟ್ಟೇಬಿಡಿ" ಎಂದೆ. ಬಿಟ್ಟುಬಿಡುವುದು ನನ್ನ ಕುಲಕಸುಬು.

"ಕೋವಿ ಭುಜಕ್ಕೆ ಒರಗಬೇಕು ಮಾರಾಯ, ಒದೀಬಾರದು. ಒದೆಯೋದಕ್ಕೆ ಮನೆಯಲ್ಲಿ ಬೋಜಮ್ಮ ಇಲ್ವಾ?"

ಮರುವಾರ ಹೋದಾಗ ಬೇಸ್‌ಮೆಂಟಿನ ಸ್ಟೋರೇಜ್ ರೂಮಿನಲ್ಲಿ ಚಂಗಪ್ಪನವರು ಕ್ರಿಕೆಟ್ ಬ್ಯಾಟನ್ನು ಭುಜಕ್ಕೆ ಆನಿಸಿ ನಿಂತಿದ್ದರು. ಬ್ಯಾಟಿಗೆ ಟೇಪಿನಿಂದ ತೊಗರಿಬೇಳೆ ಪ್ಯಾಕೆಟ್ಟುಗಳನ್ನು ಸುತ್ತಿದ್ದರು. ನನ್ನ ಕೆಲಸ ಅವರ ಮುಖ ನೋಡುವುದು. ಮುಖ ಕಿವುಚಿದರೆ ಹೇಳುವುದು. ಒಂದು ಪ್ಯಾಕೆಟ್ಟಿಗೆ ಮುಖ ಪ್ರಸನ್ನ. ಎರಡಕ್ಕೂ ಪರವಾಗಿಲ್ಲ. ಮೂರನೆಯದಕ್ಕೆ ಮೀಸೆ ಅಲುಗಿತು.

"ಕಿವುಚಿದಿರಿ, ಸರ್."

"ಅದು ನಗು."

"ನಗು ಅಲ್ಲ ಸರ್, ನಾನು ನೋಡಿದೆ."

ಮೂರನೆಯದರಿಂದ ಹಿಡಿಹಿಡಿಯಾಗಿ ಬೇಳೆ ತೆಗೆಯುತ್ತ ಹೋದೆವು. ಮೀಸೆ ನಿಂತಿತು. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಬೋಜಮ್ಮ ಆಂಟಿಯ ಧ್ವನಿ: "ಸಾರಿಗೆ ನೀರು ಕುದೀತಾ ಉಂಟು. ನನ್ನ ಬೇಳೆ ಎಲ್ಲಿ ಅಂತ ಆ ಇಬ್ಬರು ಗಂಡಸರನ್ನು ಯಾರಾದ್ರೂ ಕೇಳ್ತೀರಾ?" ಅಲ್ಲಿ ಬೇರೆ ಯಾರೂ ಇರಲಿಲ್ಲ. ಬ್ಯಾಟನ್ನು ಬೇಳೆಸಮೇತ ಬಾತ್‌ರೂಮಿನ ತಕ್ಕಡಿಯ ಮೇಲಿಟ್ಟು ತೂಕ ನೋಡಿಯೇ ಮೇಲೆ ಕೊಟ್ಟುಬಂದೆವು. ಅಷ್ಟೇ ಭಾರದ ಕೋವಿ ಬೇಕೆಂದು ಗನ್‌ಸ್ಮಿತ್‌ಗೆ ಫೋನು ಹೋಯಿತು. ಈ ತೂಕ ಹೇಗೆ ಲೆಕ್ಕ ಹಾಕಿದಿರಿ ಎಂದು ಆತ ಕೇಳಿದನಂತೆ. "ಓಲ್ಡ್ ಇಂಡಿಯನ್ ಮೆಥಡ್" ಎಂದರಂತೆ ಇವರು.

ನಳಿಗೆ ನಿಶ್ಚಯವಾದ ಮೇಲೆ ಮರ. ಅದಕ್ಕಾಗಿ ನನ್ನನ್ನು ಬಂದೂಕು ಮೇಳಕ್ಕೆ ಎಳೆದುಕೊಂಡು ಹೋದರು. ಹಾಕಿ ಅರೀನಾದ ತುಂಬ ಮೇಜುಗಳು. ಆಫೀಸಿನವರು ಯಾರಾದರೂ ಕಂಡಾರೆಂದು ನಾನು ಒಳಗೂ ಕಪ್ಪು ಕನ್ನಡಕ ತೆಗೆಯಲಿಲ್ಲ. ಹಾಗಾಗಿ ಅಲ್ಲಿ ಎಲ್ಲರಿಗಿಂತ ಅನುಮಾನಾಸ್ಪದನಾಗಿ ಕಂಡವನು ನಾನೇ. ಅಂಗಡಿಯ ಅಜ್ಜನೊಬ್ಬ, ನೀನು ಏನು ಹೊಡೆಯುತ್ತೀ ಎಂದು ಕೇಳಿದ. ಗಾಬರಿಯಲ್ಲಿ, "ಐ ಆಮ್ ವೆಜಿಟೇರಿಯನ್" ಎಂದೆ. ಅವನು ಬಹಳ ಅನುಕಂಪದಿಂದ ನನಗೊಂದು ಕುರ್ಚಿ ಕೊಟ್ಟ.

ಚಂಗಪ್ಪನವರು ಮಾತ್ರ ಒಂದೊಂದೇ ಮರವನ್ನು ಭುಜಕ್ಕೆ ಆನಿಸಿ, ಕೆನ್ನೆ ಒತ್ತಿ, ಎರಡೂ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಪ್ಲಾಸ್ಟಿಕ್ಕಿನದು ಅಗ್ಗ, ಹಗುರ, ಮಳೆಗೂ ಜಗ್ಗದು. "ಇದು ಪೈಪಿಗೆ ಕೆನ್ನೆ ಕೊಟ್ಟ ಹಾಗೆ" ಎಂದು ಕೆಳಗಿಟ್ಟರು. ಕೊನೆಗೆ ಆರಿಸಿದ್ದು ವಾಲ್‌ನಟ್ ಮರದ ಒಂದು ಹಳೆಯ ತುಂಡು; ಯಾರದೋ ಕೆನ್ನೆ ತಾಗಿ ತಾಗಿ ನಯವಾಗಿತ್ತು. ಕಣ್ಣು ತೆರೆದಾಗ ಅವರ ಮುಖದಲ್ಲಿ ಆಪರೇಷನ್ನಿಗೆ ಮುಂಚಿನ ಚಂಗಪ್ಪನವರು ಇದ್ದರು. "ಮೂರ್ತಿ, ಇದು ನನ್ನ ಗುರುತು ಹಿಡೀತು" ಎಂದರು. ನಾನು ಕುರ್ಚಿಯಲ್ಲೇ ಕೂತು, ಆ ಮರಕ್ಕೆ ಗೆದ್ದಲು ಹಿಡಿದಿದ್ದರೆ ಎಂದು ಯೋಚಿಸುತ್ತಿದ್ದೆ.

ಆ ವರ್ಷದ ಹಬ್ಬ ಮುಗಿದ ಮೇಲಿನ ವಸಂತದಲ್ಲಿ ಅವರು ಮಗಳ ಮನೆಗೆ, ಕ್ಯಾಲ್ಗರಿಗೆ ಹೋಗಿ ನೆಲೆಸಿದರು. ಕೆಲವು ವರ್ಷ ಫೋನಿನಲ್ಲಿ ನನ್ನ ಚಿಂತೆಗಳ ಕ್ಷೇಮಸಮಾಚಾರ ಕೇಳುತ್ತಿದ್ದರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿ ಹೇಳಿದ ಬೋಜಮ್ಮ ಆಂಟಿ, "ನೆಟ್ಟಗೆ ಮಲಗಿದ್ರು, ಸ್ವಲ್ಪವೂ ಸೊಟ್ಟ ಇಲ್ಲ" ಎಂದರು. ಅಳುತ್ತಿದ್ದ ನನಗೆ ನಗು ಬಂತು. ಈಗಲೂ ಅವರನ್ನು ನೆನೆದರೆ ಕಣ್ಣಿಗೆ ಕಟ್ಟುವುದು ಆ ಹಬ್ಬದ ದಿನವೇ.

ಬೆಳಿಗ್ಗೆ ಮನೆಯಲ್ಲಿ ಪೂಜೆ. ಬೀಗದ ಸ್ಟೀಲು ಕಪಾಟಿನಿಂದ ಹೊರಬಂದ ಹೊಸ ಕೋವಿ, ಗುಂಡಿಲ್ಲದೆ, ಹೂ ಮುಡಿದು ಮಣೆಯ ಮೇಲೆ ಮಲಗಿತ್ತು. ಚಂಗಪ್ಪನವರು ಕಡಂಬುಟ್ಟೆಂಬ ಅಕ್ಕಿಯುಂಡೆ, ಹಂದಿಮಾಂಸದ ಪಂದಿಕರಿ ಎಡೆಯಿಟ್ಟು ಕೈಮುಗಿದರು. ನನ್ನ ಪಾಲಿಗೆ ಆಂಟಿ ಕುಂಬಳಕಾಯಿ ಕರಿ ಮಾಡಿದ್ದರು. ಎಲ್ಲರೂ ತಿಂಡಿಗೆ ಎದ್ದಾಗ ನಾನೊಬ್ಬನೇ ಉಳಿದೆ. ನಳಿಗೆಗೆ ಗಂಧ ಬಿದ್ದಿತ್ತು, ಮರಕ್ಕೂ ಬಿದ್ದಿತ್ತು. ಗುರಿ ನೋಡುವ ಸ್ಕೋಪಿಗೆ ಮಾತ್ರ ಏನೂ ಇರಲಿಲ್ಲ. ಮೈಸೂರಿನವನ ಮನಸ್ಸು ಕೇಳೀತೆ? ಆಯುಧಪೂಜೆಗೆ ಕಾರಿನ ಹೆಡ್‌ಲೈಟಿಗೆ ಹಚ್ಚುವಂತೆ, ಸ್ಕೋಪಿನ ಗಾಜಿಗೂ ಗಂಧದಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಇಟ್ಟೆ.

ಹೊಲದಲ್ಲಿ, ಮಣ್ಣಿನ ದಿಬ್ಬದ ಮುಂದೆ ನೆಟ್ಟ ಕಂಬಕ್ಕೆ ತೆಂಗಿನಕಾಯಿ ಕಟ್ಟಿದ್ದರು. ಚಂಗಪ್ಪನವರ ಸರದಿ ಬಂತು. ಬೋಜಮ್ಮ ಆಂಟಿ ಸರಿಯಾಗಿ ಮುಖ ಕಾಣುವಲ್ಲಿ ಹೋಗಿ ನಿಂತರು. ಇವರು ಕೋವಿ ಎತ್ತಿದರು, ಸ್ಕೋಪಿನಲ್ಲಿ ನೋಡಿದರು, ಇಳಿಸಿದರು. "ಎಂತ ಮಾರಾಯ, ಕಾಯಿ ಕಾಣೂದಿಲ್ಲ, ಮಂಜು ಉಂಟಾ?" ಎಂದು ಗಾಜನ್ನು ಹೆಬ್ಬೆರಳಿನಿಂದ ಗಸಗಸ ಒರೆಸಿದರು. ಅದೇ ಬೆರಳಿನಿಂದ ಹುಬ್ಬಿನ ಬೆವರನ್ನೂ ಒರೆಸಿಕೊಂಡರು. ಮತ್ತೆ ಎತ್ತಿದರು. ಶಬ್ದ ಬಂತು. ತೆಂಗಿನಕಾಯಿ ನೀರು ಚಿಮ್ಮಿ ಎರಡು ಹೋಳಾಯಿತು. ಭುಜ ಅಲುಗಲಿಲ್ಲ, ಮೀಸೆ ಅಲುಗಲಿಲ್ಲ. ಗುಂಡು ಖಾಲಿಯಾದ ಕೋವಿ ಕೆಳಗಿಟ್ಟು ಚಕ್ರವರ್ತಿಯಂತೆ ನಮ್ಮತ್ತ ತಿರುಗಿದರು. ಬಲಹುಬ್ಬಿನ ಮೇಲೆ ಕೆಂಪು.

"ಅಯ್ಯೋ, ರಕ್ತ!" ಎಂದು ಆಂಟಿ ಓಡಿದರು. "ಒದೆಯೂದಿಲ್ಲ ಅಂದ್ರಲ್ಲ, ಹುಬ್ಬು ಸೀಳಿದೆ! ಮಾರಿ, ಇವತ್ತೇ ಮಾರಿ!" ಆಂಟಿ ಸೆರಗಿನಿಂದ ಒತ್ತಿ ಒರೆಸಿ, ಸೆರಗನ್ನು ನೋಡಿದರು, ಮೂಸಿದರು. ಮತ್ತೊಮ್ಮೆ ಮೂಸಿದರು. ನಿಧಾನವಾಗಿ ತಲೆಯೆತ್ತಿ, ಅಷ್ಟು ಜನರ ನಡುವೆ ನೇರವಾಗಿ ನನ್ನನ್ನೇ ಹುಡುಕಿದರು.

"ಬಿಡು ಬೋಜಿ, ಪಾಪ" ಎಂದರು ಚಂಗಪ್ಪನವರು, ನಗು ತಡೆಯಲಾರದೆ ಬಲಭುಜ ಕುಣಿಸುತ್ತ. "ಮೈಸೂರಿನವರು. ಗಾಜು ಕಂಡ ಕಡೆ ಕುಂಕುಮ ಹಚ್ತಾರೆ."