ಕಲಾಯಿ ಹೋದ ಕೊಳಗ

ಮುದುಕವ್ವನಷ್ಟು ಸ್ವಚ್ಛ ಹೆಂಗಸು ಗಜೇಂದ್ರಗಡದಲ್ಲಿ ಇನ್ನೊಬ್ಬಳಿಲ್ಲ. ಅಂಥವಳ ಜೊತೆ ಒಂದೇ ಗೋಡೆ ಹಂಚಿಕೊಂಡು ನಲವತ್ತೆರಡು ವರ್ಷ ಬಾಳಿದವಳು ನಾನು. ಆ ಪಾಡು ಯಾರಿಗೂ ಬೇಡ. ನಸುಕಿನಲ್ಲಿ ಅವಳು ಕಸಬರಿಗೆ ಹಿಡಿದರೆ ಧೂಳೆಲ್ಲ ನನ್ನ ಬಾಗಿಲಿಗೆ. ಕೇಳಿದರೆ, “ನಿಮ್ಮ ಮನಿ ಧೂಳ ನಿಮ್ಮ ಮನಿಗೇ ಬಂದೈತಿ ಬಿಡಬೇ ಯಕ್ಕಾ” ಎನ್ನುವಳು. ನನ್ನ ಯಜಮಾನರು ತೀರಿಕೊಂಡ ದಿನ ಹೆಣ ಎತ್ತುತ್ತಿದ್ದಂತೆ ಅಂಗಳ ತೊಳೆಯಲು ಕೊಡ ಹಿಡಿದು ಬಂದವಳು ಅವಳು. ಸಮಾಧಾನದ ಮಾತು ಆಮೇಲೆ.

ಹದಿನಾರಕ್ಕೆ ಸವಡಿಯಿಂದ ನನ್ನ ಪಕ್ಕದ ಮನೆಗೆ ಸೊಸೆಯಾಗಿ ಬಂದಳು. ಶಾಲೆಯ ಮುಖ ಕಂಡವಳಲ್ಲ. ಆದರೆ ಯಾವ ಕೊಳೆ ಯಾವುದರಿಂದ ಹೋಗುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಒಲೆಯ ಬೂದಿಯನ್ನು ಹಳೆಯ ಧೋತರದ ತುಂಡಿನಲ್ಲಿ ಸೋಸಿ ತುಂಬಿಡುವಳು. ಹಿಂಡಿದ ನಿಂಬೆಯ ಸಿಪ್ಪೆಯನ್ನೂ ಎಸೆಯಳು, ಉಪ್ಪು ಹಚ್ಚಿ ನಲ್ಲಿ ತಿಕ್ಕುವಳು. ಜೋಳದ ಚೀಲಕ್ಕೆ ಬೇವಿನೆಲೆ. ಹಿತ್ತಾಳೆಯ ಹೊರಮೈಗೆ ಒಣಗಿದ ಹೀರೆಕಾಯಿಯ ನಾರು, ಹುಣಸೆಹಣ್ಣು, ಇಟ್ಟಂಗಿ ಪುಡಿ. ಅಡುಗೆಮನೆಯಲ್ಲಿ ಮೂವತ್ತು ಡಬ್ಬಿ, ಒಂದರಂತೆ ಇನ್ನೊಂದಿಲ್ಲ. ತಗ್ಗು ಬಿದ್ದದ್ದು ತೊಗರಿಬೇಳೆಯದು, ಮುಚ್ಚಳ ಸಡಿಲಾದದ್ದು ರವೆಯದು, ನವಿಲಿನ ಚಿತ್ರದ್ದು ಸಕ್ಕರೆಯದು. ಕಣ್ಣು ಮುಚ್ಚಿ ಕೈಹಾಕಿದರೂ ತಪ್ಪುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವಳ ಮಗ ಶಶಿಕಾಂತನಿಗೆ ನರಗುಂದದ ನಿರ್ಮಲಾಳನ್ನು ತಂದರು. ಹುಡುಗಿ ಮೈಗಳ್ಳಿಯಲ್ಲ, ಅದೇ ತೊಂದರೆಯಾಯಿತು. ಅತ್ತೆ ತವರಿಗೆ ಹೋದಾಗ ಮೂವತ್ತೂ ಡಬ್ಬಿ ಗುಜರಿಗೆ ಹಾಕಿ, ಒಂದೇ ಅಳತೆಯ ಪ್ಲಾಸ್ಟಿಕ್ ಡಬ್ಬಿ ಸಾಲಾಗಿ ಜೋಡಿಸಿ, ಹೆಸರು ಬರೆದು ಚೀಟಿ ಅಂಟಿಸಿದಳು. ತಿರುಗಿ ಬಂದ ಮುದುಕವ್ವ ಚಹಕ್ಕೆ ಉಪ್ಪು ಹಾಕಿದಳು.

“ಚೀಟಿ ಹಚ್ಚೇನಲ್ರೀ ಅತ್ತೀ,” ಎಂದಳು ನಿರ್ಮಲಾ.

“ಹಚ್ಚೀಯವ್ವಾ ತಾಯಿ. ನನ್ನ ಮನ್ಯಾಗ ನಾ ಉಪ್ಪ ಹುಡುಕಾಕ ಸಾಲಿಗೆ ಹೋಗ್ಲೇನು?”

ಅವತ್ತಿನಿಂದ ಒಲೆ ಯಾರ ಕೈಯಲ್ಲಿರಬೇಕು ಎಂಬುದೊಂದೇ ಜಗಳ. “ಇಕೀನ್ನ ಒಲಿ ಮುಂದಿಂದ ಎಬ್ಬಸ್ಲಿಲ್ಲಂದ್ರ ನಾ ಸವಡಿ ಮಗಳ ಅಲ್ಲ” ಎಂದು ನನ್ನ ಕಟ್ಟೆಯ ಮೇಲೆ ಕೂತು ಪಣ ತೊಟ್ಟಳು.

ಕಳೆದ ಶ್ರಾವಣದಲ್ಲಿ ನಿರ್ಮಲಾಳ ತವರಿನವರು ಹೋಳಿಗೆ ಊಟಕ್ಕೆ ಬರುವವರಿದ್ದರು. ಅಟ್ಟದಿಂದ ಹಿತ್ತಾಳೆಯ ದೊಡ್ಡ ಕೊಳಗ ಇಳಿಯಿತು. ಮುದುಕವ್ವ ಹೊರಮೈಯನ್ನು ತಿಕ್ಕಿ ಬಂಗಾರ ಮಾಡಿ, “ನಿಮ್ಮ ನರಗುಂದದಾಗ ಇಂಥಾ ಹೊಳಪ ಕಂಡೀಯೇನು?” ಎಂದಳು.

ನಿರ್ಮಲಾ ಬಗ್ಗಿ ನೋಡಿದಳು. “ಹೊರಗ ಹೊಳದ್ರ ಏನಾತ್ರಿ? ಒಳಗ ಕರ್ರಗ ಐತಲ್ರಿ.”

ಹಿತ್ತಾಳೆಗೆ ಹುಳಿ ತಾಗಿದರೆ ವಿಷ. ಅದಕ್ಕೇ ಒಳಗೆ ತವರದ ಕಲಾಯಿ ಹಾಕಿಸುತ್ತಾರೆ, ಅದರ ಬಣ್ಣವೇ ಮಾಸಲು. ಅದಕ್ಕೆ ಬರೀ ಬೂದಿ, ಮೆತ್ತನೆಯ ಅರಿವೆ. ಸ್ಟೀಲಿನ ಪಾತ್ರೆಯಲ್ಲಿ ಉಂಡು ಬೆಳೆದ ಹುಡುಗಿಗೆ ಇದನ್ನು ಅತ್ತೆಯೇ ಹೇಳಬೇಕಿತ್ತು. ಹೇಳಲಿಲ್ಲ. ಹುಡುಗಿ ಅತ್ತೆಯದೇ ಹುಣಸೆಹಣ್ಣು, ಅತ್ತೆಯದೇ ಇಟ್ಟಂಗಿ ಪುಡಿ ತೆಗೆದುಕೊಂಡು ಹಿತ್ತಲಲ್ಲಿ ಕೂತು ಎರಡು ದಿನ ಒಳಗೆಲ್ಲ ಕೆರೆದಳು. ಕಲಾಯಿ ಹೋಗಿ ಹಳದಿ ಹಿತ್ತಾಳೆ ಮಿಂಚತೊಡಗಿತು.

ಸಂಜೆ ಮುದುಕವ್ವ ನನ್ನ ಕಿವಿಗೆ ಬಾಯಿ ಇಟ್ಟಳು. “ತಿಕ್ಲಿ ಬಿಡಬೇ. ಅದರಾಗ ಸಾರ ಮಾಡ್ತಾಳ. ಬೀಗರು ಎಲಿ ಮುಂದ ಕುಂತಾಗ ಕೊಳಗ ಬಗ್ಗಿಸಿ ತೋರಸ್ತೇನಿ, ನೋಡ್ರಿ ನಿಮ್ಮ ಮಗಳ ಶಾಣ್ಯಾತನ ಅಂತ. ಒಬ್ರಿಗೂ ಬಡಿಸಗೊಡೂದಿಲ್ಲ.”

ಬೇಡ ಎನ್ನಬಹುದಿತ್ತು. ನಾನು ನಕ್ಕೆ.

ಊಟದ ದಿನ, ಸಾರಿಗೆ ತನ್ನ ಕೈ ತಾಗಿತೆಂಬ ಮಾತು ಬರಬಾರದೆಂದು ಮುದುಕವ್ವ ಬೇಕೆಂದೇ ಗುಡಿಗೆ ಹೋದಳು. ಬೆಳಿಗ್ಗೆ ಹುಳಿ ಹಿಂಡಿದ ಕಟ್ಟಿನ ಸಾರು ಹನ್ನೊಂದರವರೆಗೆ ಆ ಕೊಳಗದಲ್ಲೇ ಇತ್ತು. ಅವಳು ಮರೆತದ್ದು ಗಂಡ ಹೂವಪ್ಪನನ್ನು. ಸಕ್ಕರೆ ಕಾಯಿಲೆಯವನು, ಗುಳಿಗೆ ನುಂಗಿದ ಮೇಲೆ ಬೀಗರಿಗೆ ಕಾಯುತ್ತ ಕೂರುವಂತಿಲ್ಲ. ಸೊಸೆ ಬಡಿಸಿದಳು. ಎರಡು ರೊಟ್ಟಿ ಸಾರಿನಲ್ಲಿ ಮುರಿದು ತಿಂದು, ಚಲೋ ಆಗಿದೆ ಎಂದು ಮೇಲೆ ಒಂದು ಬಟ್ಟಲು ಕುಡಿದ.

ಮುದುಕವ್ವ ಕಾಯಿ ಒಡೆಸಿಕೊಂಡು ಬರುವ ಹೊತ್ತಿಗೆ ಹೂವಪ್ಪ ಬಚ್ಚಲಲ್ಲಿ ಕಾರಿಕೊಳ್ಳುತ್ತಿದ್ದ. ಬೀಗರ ಗಾಡಿಯೂ ಆಗಲೇ ಬಂತು. ಶಶಿಕಾಂತ ಅದೇ ಗಾಡಿಯಲ್ಲಿ ತಂದೆಯನ್ನು ದವಾಖಾನೆಗೆ ಒಯ್ದ. ಗಾಡಿ ಮರೆಯಾಗುವ ಮೊದಲೇ ಮುದುಕವ್ವ ಶುರು ಮಾಡಿದಳು.

“ನಿಮ್ಮ ಮಗಳು ಮಾವಗ ವಿಷ ಹಾಕ್ಯಾಳ್ರಿ! ಕೊಳಗದ ಕಲಾಯಿ ಕೆರದ ಹಾಕ್ಯಾಳ! ಹಡದಾಕಿ ಏನ ಕಲಿಸಿ ಕಳಿಸ್ಯಾಳಿಕಿಗೆ?”

“ನನಗ ಖರೇನ ಗೊತ್ತಿರ್ಲಿಲ್ರೀ ಅತ್ತೀ,” ಎಂದಳು ನಿರ್ಮಲಾ. ಅವಳ ತಾಯಿ ತಲೆ ತಗ್ಗಿಸಿದ್ದಳು.

ನನಗೆ ತಡೆಯಲಾಗಲಿಲ್ಲ. “ಏ ಮುದುಕವ್ವಾ, ಎರಡ ದಿನ ಅಕಿ ತಿಕ್ಕೂದು ನೋಡಿಕೋತ ಕುಂತಿದ್ಯಲ್ಲ, ಆಗ ಬಾಯಾಗ ಏನ ತುರುಕಿಕೊಂಡಿದ್ದಿ?”

“ನಿನಗೂ ಗೊತ್ತಿತ್ತಲ್ಲಬೇ! ಹಲ್ಲ ಕಿಸದಾಕಿ ಯಾರು?”

ಎಲ್ಲರೂ ನನ್ನ ಕಡೆ ತಿರುಗಿದರು. ನಿರ್ಮಲಾ ಅತ್ತೆಯನ್ನು ಬಿಟ್ಟು ನನ್ನನ್ನೇ ನೋಡಿದಳು.

ದವಾಖಾನೆಯಲ್ಲಿ ಸಲಾಯಿನ್ ಬಾಟಲಿ ಏರಿಸಿಕೊಂಡು ಹೂವಪ್ಪ ಸಂಜೆಗೆ ಮನೆಗೆ ಬಂದ. ಅಷ್ಟರಲ್ಲಿ ಎಲ್ಲ ಅವನ ಕಿವಿಗೆ ಬಿದ್ದಿತ್ತು. ಗೋಡೆಗೆ ಒರಗಿ ಕೂತು ಹೆಂಡತಿಗೆ ಹೇಳಿದ: “ಅಕಿ ಗೊತ್ತಿಲ್ಲದ ಮಾಡಿದ್ಲು. ನೀ ಗೊತ್ತಿದ್ದು ಸುಮ್ಮನಿದ್ದಿ. ನಾಳಿಂದ ಒಲಿ ಮುಂದ ನೀ ಕುಂದ್ರಬ್ಯಾಡ.”

“ನಿಮಗ ತಿನಸಬೇಕಂತ ಮಾಡಿದ್ನೇನ್ರಿ?”

“ಮತ್ತ ಯಾರಿಗೆ?”

ಮುದುಕವ್ವ ಎದ್ದು ಹಿತ್ತಲಿಗೆ ಹೋದಳು.

ಈಗ ಅವಳು ಹಿತ್ತಲಲ್ಲಿ ಕೂತು ಸೊಸೆ ಹಾಕಿದ ಪಾತ್ರೆ ತಿಕ್ಕುತ್ತಾಳೆ. ಕೆಲಸ ಮೊದಲಿನಷ್ಟೇ ಸ್ವಚ್ಛ. ನನ್ನ ಕಟ್ಟೆಗೆ ಬರುವುದಿಲ್ಲ, ನಾನೂ ಕರೆದಿಲ್ಲ. ಮೊನ್ನೆ ಹಾಲಿಗೆ ಹಾಕಲು ಚೂರು ಹೆಪ್ಪು ಕೇಳಲು ಹೋದೆ. ನಿರ್ಮಲಾ ಬಾಗಿಲಲ್ಲೇ ಅಡ್ಡ ನಿಂತು “ಇಲ್ರಿ” ಎಂದಳು. ಅವಳ ಬೆನ್ನ ಹಿಂದೆ ಮೊಸರಿನ ಗಡಿಗೆ ತುಂಬಿತ್ತು. ನಾನು ನೋಡಿದ್ದು ಅವಳಿಗೂ ಗೊತ್ತಾಯಿತು.